ಮೀನಿನ ನ್ಯಾಯ, ಮನುಷ್ಯರ ನ್ಯಾಯ

ಪಡಿತರ ಅಕ್ಕಿ ಕೊಡುವ ಅಂಗಡಿಯ ಬೋರ್ಡಿನ ಮೇಲೆ 'ನ್ಯಾಯಬೆಲೆ ಅಂಗಡಿ' ಎಂದು ಬರೆದಿರುತ್ತದೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದಕ್ಕೆ 'ಮತ್ಸ್ಯನ್ಯಾಯ' ಎಂದು ಹೆಸರು. ಒಂದು ಬಡವನ ಹೊಟ್ಟೆ ತುಂಬಿಸುವ ಮಾತು, ಇನ್ನೊಂದು ಬಡವನನ್ನೇ ಹೊಟ್ಟೆಗೆ ಹಾಕಿಕೊಳ್ಳುವ ಮಾತು. ಎರಡರಲ್ಲೂ ಇರುವ ಪದ ಮಾತ್ರ ಒಂದೇ. ಇಷ್ಟು ದೂರದ ಎರಡು ಅರ್ಥಗಳು ಒಂದೇ ಪದದೊಳಗೆ ಹೇಗೆ ಸೇರಿದವು? ಈ ಪ್ರಶ್ನೆಯ ಬೆನ್ನು ಹತ್ತಿದರೆ ದಾರಿ ಪಾಣಿನಿಯಿಂದ ಹೊರಟು ಪ್ರಾಚೀನ ಗ್ರೀಸಿಗೆ ಹೋಗುತ್ತದೆ, ಅಲ್ಲಿಂದ ಬಸವಕಲ್ಯಾಣ, ಸನ್ನತಿ, ಮೈಸೂರುಗಳನ್ನು ಹಾದು ನಮ್ಮ ಬೀದಿಗೇ ಬರುತ್ತದೆ.

ಬೀದಿಯ ಮಾತನ್ನೇ ಮೊದಲು ಕೇಳೋಣ. ದಕ್ಷಿಣ ಬೆಂಗಳೂರಿನ ಚಿಕ್ಕಲಸಂದ್ರದಂಥ ಬಡಾವಣೆಯಲ್ಲಿ ಈ ಪದದ ಹಲವು ಮುಖಗಳು ಕಿವಿಗೆ ಬೀಳುತ್ತವೆ. ತರಕಾರಿ ಗಾಡಿಯ ಮುಂದೆ ಚೌಕಾಸಿ ಮಾಡುವವರು 'ನ್ಯಾಯವಾಗಿ ಹೇಳಮ್ಮ, ಎಷ್ಟು ಕೊಡ್ಲಿ?' ಎನ್ನುತ್ತಾರೆ. ಇಲ್ಲಿ ನ್ಯಾಯವೆಂದರೆ ತಕ್ಕದ್ದು. ಟ್ಯಾಂಕರ್ ನೀರಿನ ಲೆಕ್ಕಕ್ಕೆ ಕೂತ ಅಪಾರ್ಟ್‌ಮೆಂಟಿನವರು 'ಅವರಿಗೊಂದು ನ್ಯಾಯ, ನಮಗೊಂದು ನ್ಯಾಯಾನಾ?' ಎಂದು ಕೇಳುತ್ತಾರೆ. ಅಲ್ಲಿ ನ್ಯಾಯವೆಂದರೆ ನಿಯಮ. ಊರ ಕಡೆಯಿಂದ ಬಂದ ನೆಂಟರು 'ಅಣ್ಣತಮ್ಮಂದಿರ ನ್ಯಾಯ ಇನ್ನೂ ಬಗೆಹರಿದಿಲ್ಲ' ಎಂದಾಗ ನ್ಯಾಯವೆಂದರೆ ಜಗಳ, ವ್ಯಾಜ್ಯ. ತಟ್ಟೆಯಲ್ಲಿ ಅನ್ನ ಬಿಟ್ಟ ಮೊಮ್ಮಗನಿಗೆ ಅಜ್ಜಿ 'ಅನ್ಯಾಯ ಮಾಡಬೇಡ ಕಂದ' ಎಂದರೆ ಅದು ಹಾಳುಮಾಡಬೇಡ ಎಂಬ ಬುದ್ಧಿಮಾತು.

ನ್ಯಾಯ ಸಂಸ್ಕೃತದಿಂದ ಬಂದ ಪದ. 'ನಿ' ಎಂಬ ಉಪಸರ್ಗ, 'ಹೋಗು' ಎಂಬರ್ಥದ 'ಇ' ಧಾತು ಸೇರಿ ಆದದ್ದು. ಈ 'ಇ' ನಮ್ಮ ದಿನಬಳಕೆಯಲ್ಲಿ ಎಲ್ಲೆಲ್ಲೂ ಅಡಗಿದೆ: ಆಯ, ವ್ಯಯ, ಉಪಾಯ, ಅಧ್ಯಾಯ, ಸಮಯ, ಸಮುದಾಯ ಎಲ್ಲವೂ ಅದರ ಮಕ್ಕಳೇ. ಹಾಗಾಗಿ ನ್ಯಾಯದ ಮೊದಲ ಅರ್ಥ ತೀರ್ಪೂ ಅಲ್ಲ, ಧರ್ಮವೂ ಅಲ್ಲ. ವಸ್ತುವೊಂದು ತಾನಾಗಿ ಸಾಗುವ ಜಾಡು, ಅದರ ರೀತಿ. ಪಾಣಿನಿ ತನ್ನ ಅಷ್ಟಾಧ್ಯಾಯಿಯ 3ನೇ ಅಧ್ಯಾಯ, 3ನೇ ಪಾದದ 37ನೇ ಸೂತ್ರದಲ್ಲಿ ಈ ಪದವನ್ನು ಸಾಧಿಸುವಾಗ ಜಾರದಿರುವುದು, ತಕ್ಕ ನಡೆ ತಪ್ಪದಿರುವುದು ಎಂಬ ಅರ್ಥವನ್ನು ಕೊಟ್ಟ. ಹೋಗುವ ದಾರಿ, ಆ ದಾರಿ ಬಿಡದಿರುವುದು: ಪದದ ಮುಂದಿನ ಬಾಳೆಲ್ಲ ಈ ಎರಡರ ನಡುವಿನ ಎಳೆದಾಟವೇ.

'ರೀತಿ' ಎಂಬ ಅರ್ಥ ಹಿಡಿದವರು ಲೋಕನ್ಯಾಯಗಳನ್ನು ಕಟ್ಟಿದರು. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋದದ್ದು ಕಾಕತಾಳೀಯ ನ್ಯಾಯ. ಒಂದಗುಳು ಹಿಚುಕಿ ಅನ್ನ ಬೆಂದಿದೆಯೇ ಎಂದು ನೋಡುವುದು ಸ್ಥಾಲೀಪುಲಾಕ ನ್ಯಾಯ. ಇಲ್ಲೆಲ್ಲ ನ್ಯಾಯವೆಂದರೆ 'ಹಾಗೆ', 'ಅದರಂತೆ' ಎಂದಷ್ಟೆ. ಮತ್ಸ್ಯನ್ಯಾಯವೂ ಈ ಸಾಲಿನದೇ. ಅದು ಮೀನಿಗೆ ಸಿಕ್ಕ ನ್ಯಾಯವಲ್ಲ, ಮೀನಿನ ರೀತಿ. ತರ್ಕದ ದಾರಿ ಹಿಡಿದವರು ಗೌತಮನ ಹೆಸರಿನಲ್ಲಿರುವ ನ್ಯಾಯಸೂತ್ರಗಳ ದರ್ಶನವನ್ನು ಬೆಳೆಸಿದರು; ಅಲ್ಲಿ ನ್ಯಾಯವೆಂದರೆ ವಾದ ಜಾರದಂತೆ ನಡೆಸುವ ಕ್ರಮ.

ಇನ್ನು ಗ್ರೀಕರ ಪದ: 'ದಿಕೆ'. ಪ್ಲೇಟೊನ ಇಡೀ ರಾಜ್ಯಚಿಂತನೆಗೆ ಬುನಾದಿಯಾದ 'ದಿಕಾಯೊಸುನೆ', ಅಂದರೆ ನ್ಯಾಯಶೀಲತೆ, ಹುಟ್ಟಿದ್ದು ಇದರಿಂದಲೇ. ಆದರೆ ಹೋಮರನ ಒಡಿಸ್ಸಿಯಲ್ಲಿ, ಪಾತಾಳಕ್ಕಿಳಿದ ಮಗನಿಗೆ ತಾಯಿಯ ನೆರಳು ಸತ್ತವರ ದಿಕೆ ಹೀಗೇ ಎಂದು ತಿಳಿಸುವಾಗ ಅದಕ್ಕೆ ನ್ಯಾಯವೆಂಬ ಅರ್ಥವಿಲ್ಲ. ಸತ್ತವರ ರೀತಿ, ಮನುಷ್ಯನಾದವನಿಗೆ ಇದ್ದದ್ದೇ ಎಂಬ ಅರ್ಥ. ಮುಂದೆ ಇದೇ ಪದ 'ದಿಕೇನ್' ಎಂಬ ರೂಪದಲ್ಲಿ 'ಅದರಂತೆ' ಎಂಬ ಅವ್ಯಯವೇ ಆಯಿತು. ಕ್ರಿ.ಪೂ. 458ರಲ್ಲಿ ಅಥೆನ್ಸಿನಲ್ಲಿ ಆಡಿದ ಈಸ್ಕಿಲಸನ 'ಅಗಮೆಮ್ನಾನ್' ನಾಟಕದ ಮೊದಲ ಸಾಲುಗಳಲ್ಲೇ, ಅರಮನೆಯ ಮಾಳಿಗೆ ಕಾಯುವವನು ತಾನು ನಾಯಿಯ 'ದಿಕೇನ್' ಬಿದ್ದುಕೊಂಡಿರುವೆ ಎನ್ನುತ್ತಾನೆ. ನಮ್ಮ ಶಾಸ್ತ್ರಕಾರರ ಬಾಯಲ್ಲಾದರೆ ಇದು ಶ್ವಾನನ್ಯಾಯ. ಅದೇ ನಾಟಕತ್ರಯದ ಮೂರನೆಯ ನಾಟಕ ಮುಗಿಯುವುದು ಅಥೆನ್ಸಿನಲ್ಲಿ ಕೊಲೆಯ ವಿಚಾರಣೆಗೆ ನ್ಯಾಯಸಭೆ ನೆಲೆಗೊಳ್ಳುವುದರೊಂದಿಗೆ. ನಾಯಿಯ ರೀತಿಯಿಂದ ನಾಗರಿಕರ ತೀರ್ಪಿನವರೆಗೆ ಪದ ನಡೆದ ದಾರಿಯನ್ನು ಆ ಕವಿ ಮೂರೇ ನಾಟಕಗಳಲ್ಲಿ ನಡೆದು ತೋರಿಸಿದ.

ಪರಸ್ಪರ ಸಂಬಂಧವಿಲ್ಲದ ಬೇರುಗಳಿಂದ ಬಂದ ಎರಡು ಪದಗಳು ಒಂದೇ ಬಾಳು ಬಾಳಿದ್ದು ಬೆರಗಿನ ಸಂಗತಿ. ಆದರೆ ದಿಕೆ ನಮಗೆ ಪರಕೀಯವೂ ಅಲ್ಲ. ಅದರ ಬೇರಿನ ಅರ್ಥ 'ತೋರಿಸು', 'ಬೆರಳಿಟ್ಟು ಹೇಳು'. ಸಂಸ್ಕೃತದಲ್ಲಿ ಆ ಬೇರು 'ದಿಶ್'. ಆದೇಶ, ಉಪದೇಶ, ನಿರ್ದೇಶನ ಎಲ್ಲವೂ ಅಲ್ಲಿಂದ ಬಂದವು. ಕನ್ನಡದ ದಿಕ್ಕು, ದೆಸೆ ಎರಡೂ ಅಲ್ಲಿಂದಲೇ. ಲ್ಯಾಟಿನ್ನಿನಲ್ಲಿ ಕಾನೂನು ತೋರಿಸಿ ಹೇಳುವವನು 'ಯೂಡೆಕ್ಸ್'. ಫ್ರೆಂಚ್, ಇಂಗ್ಲಿಷ್ ದಾಟಿ ಅವನು ನಮ್ಮ ಕೋರ್ಟಿಗೆ 'ಜಡ್ಜು' ಆಗಿ ಬಂದ. ಹೀಗೆ ಗ್ರೀಕರ ದಿಕೆ, ನಮ್ಮ ದಿಕ್ಕು, ಕೋರ್ಟಿನ ಜಡ್ಜು ಮೂರರಲ್ಲೂ ಹರಿಯುವುದು ಒಂದೇ ಬೇರಿನ ಸಾರ. ದಿಕೇನ್ ಸವೆದು ಅವ್ಯಯವಾದಂತೆ ನಮ್ಮ ದೆಸೆಯೂ ಸವೆದು ವ್ಯಾಕರಣಕ್ಕೆ ಇಳಿಯಿತು. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದವರಿಗೆ ಪಂಚಮಿಯ 'ದೆಸೆಯಿಂದ' ಮರೆತಿರಲಾರದು.

ಪ್ಲೇಟೊಗೂ ಈ ಪದದ ಮೂಲದ ಚಿಂತೆ ಹತ್ತಿತ್ತು. 'ಕ್ರಾಟಿಲಸ್' ಸಂವಾದದಲ್ಲಿ ಅವನ ಸಾಕ್ರಟೀಸ್ 'ದಿಕಾಯೊನ್' (ನ್ಯಾಯವಾದದ್ದು) ಎಂಬುದನ್ನು 'ದಿಯಾಯೊನ್' ಎಂದು ಬಿಡಿಸುತ್ತಾನೆ. ಅಂದರೆ ಎಲ್ಲದರೊಳಗೂ ಹಾದುಹೋಗುವಂಥದು. ನಡುವಿನ 'ಕ' ಉಚ್ಚಾರಣೆಯ ಇಂಪಿಗಾಗಿ ಸೇರಿದ್ದಂತೆ. ಭಾಷಾವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ಆದರೆ ಆ ಬಿಡಿಸುವಿಕೆಯಲ್ಲಿ ಅವನು ಹಿಡಿದ 'ಹೋಗು' ಎಂಬ ಗ್ರೀಕ್ ಧಾತು ಸಂಸ್ಕೃತದ 'ಇ' ಧಾತುವಿನ ಒಡಹುಟ್ಟು. ತನ್ನ ಪದದ ಬೇರು ಹುಡುಕುತ್ತ ಹೋದ ಪ್ಲೇಟೊ ಅದು ಸಿಗದೆ ನಮ್ಮ ನ್ಯಾಯದ ಬೇರಿನ ಹತ್ತಿರ ಬಂದು ನಿಂತಿದ್ದ!

ರೀತಿಯಾಗಿದ್ದದ್ದು ತೀರ್ಪಾದದ್ದು ಹೇಗೆ? ಇಲಿಯಡ್ಡಿನ 18ನೇ ಸರ್ಗದಲ್ಲಿ ಅಕಿಲೀಸನ ಹೊಸ ಗುರಾಣಿಯ ಮೇಲೆ ಕೆತ್ತಿದ ಒಂದು ನೋಟವಿದೆ. ಕೊಲೆಯಾದವನ ಪರಿಹಾರದ ಹಣಕ್ಕಾಗಿ ಇಬ್ಬರು ಜಗಳಕ್ಕೆ ನಿಂತಿದ್ದಾರೆ, ಜನ ಎರಡು ಪಕ್ಷವಾಗಿ ಕೂಗುತ್ತಿದ್ದಾರೆ, ಹಿರಿಯರು ನುಣುಪಾದ ಕಲ್ಲುಗಳ ಮೇಲೆ ವೃತ್ತವಾಗಿ ಕೂತು ಒಬ್ಬೊಬ್ಬರಾಗಿ ಎದ್ದು ತಮ್ಮ ದಿಕೆ ಹೇಳುತ್ತಿದ್ದಾರೆ. ಎಲ್ಲರಿಗಿಂತ ನೇರವಾದ ದಿಕೆ ಹೇಳಿದವನಿಗೆಂದು ನಡುವೆ ಎರಡು ಟ್ಯಾಲೆಂಟ್ ಚಿನ್ನ ಇಟ್ಟಿದೆ. ಅರಳಿಕಟ್ಟೆಯ ಪಂಚಾಯಿತಿ ನೋಡಿದ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಥೆನ್ಸಿನ ಕಾನೂನಿನಲ್ಲಿ ಖಾಸಗಿ ದಾವೆಗೂ 'ದಿಕೆ' ಎಂದೇ ಹೆಸರಿತ್ತು. ನಮ್ಮ ಹಳ್ಳಿಯಲ್ಲೂ ಬಗೆಹರಿಯಬೇಕಾದ ಜಗಳ, ಅದನ್ನು ಬಗೆಹರಿಸುವ ಮಾತು, ಬಗೆಹರಿದ ಮೇಲಿನ ಫಲ ಮೂರೂ 'ನ್ಯಾಯ'ವೇ. ನ್ಯಾಯ ಹಾಕುತ್ತಾರೆ, ನ್ಯಾಯ ಹೇಳುತ್ತಾರೆ, ನ್ಯಾಯ ಆಯಿತು ಎನ್ನುತ್ತಾರೆ.

ಈಗ ಮೀನಿನ ಕಡೆಗೆ ತಿರುಗೋಣ. ಕ್ರಿ.ಪೂ. 700ರ ಸುಮಾರಿನ ಕವಿ ಹೆಸಿಯಡ್. ಪಿತ್ರಾರ್ಜಿತ ಹೊಲದ ಪಾಲಿನಲ್ಲಿ ಸೋದರನಿಂದ ಮೋಸ ಹೋದೆ ಎಂದು ದೂರುವವನು, ತೀರ್ಪು ಕೊಟ್ಟ ಒಡೆಯರನ್ನು ಕಾಣಿಕೆ ತಿನ್ನುವವರು ಎಂದು ಬೈಯುತ್ತಾನೆ. ಲಂಚಕ್ಕೆ 'ತಿನ್ನು' ಎಂಬ ಕ್ರಿಯಾಪದವನ್ನೇ ಸೇರಿಸುವ ಕನ್ನಡಿಗರಿಗೆ ಈ ಬೈಗುಳ ನೇರವಾಗಿ ತಾಗುತ್ತದೆ. ದುಡಿಮೆಯನ್ನೂ ದಿನಗಳನ್ನೂ ಕುರಿತ ತನ್ನ ಕಾವ್ಯದಲ್ಲಿ ಅವನು ಆ ಸೋದರನಿಗೆ ಹೇಳುವ ಬುದ್ಧಿಮಾತಿನ ತಿರುಳು ಇದು: ಮೀನು, ಮೃಗ, ಹಕ್ಕಿಗಳು ಒಂದನ್ನೊಂದು ತಿನ್ನುತ್ತವೆ, ಏಕೆಂದರೆ ಅವುಗಳಲ್ಲಿ ದಿಕೆ ಇಲ್ಲ, ಮನುಷ್ಯರಿಗೆ ಮಾತ್ರ ಜ್ಯೂಸ್ ದೇವ ದಿಕೆಯನ್ನು ಕೊಟ್ಟ. ಪದ 'ರೀತಿ'ಯಿಂದ 'ನ್ಯಾಯ'ಕ್ಕೆ ದಾಟಿದ ಹೊಳೆ ಇದೇ. ಮೀನಿಗೂ ಒಂದು ರೀತಿ ಉಂಟು, ಆದರೆ ಅದಕ್ಕೆ ದಿಕೆ ಎಂಬ ಹೆಸರು ಸಲ್ಲದು ಎಂದು ಹೆಸಿಯಡ್ ಗೆರೆ ಎಳೆದ.

ನಮ್ಮವರು ಅದೇ ಮೀನನ್ನು ನೋಡಿ ಆ ಗೆರೆಯನ್ನು ಬೇರೆ ಕಡೆ ಎಳೆದರು. ಶತಪಥ ಬ್ರಾಹ್ಮಣದ ಪ್ರಳಯದ ಕತೆಯಲ್ಲಿ ಮನುವಿನ ಬೊಗಸೆಗೆ ಬಂದ ಮರಿಮೀನು ಕಾಪಾಡು ಎನ್ನುತ್ತದೆ. ಸಣ್ಣದಿರುವಷ್ಟು ದಿನ ಮೀನನ್ನು ಮೀನೇ ನುಂಗುತ್ತದೆ ಎಂಬುದು ಅದರ ಅಳಲು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದೇ ಮಾತು ರಾಜ್ಯದ ಹುಟ್ಟಿನ ಕತೆಯಾಗುತ್ತದೆ. ಮತ್ಸ್ಯನ್ಯಾಯಕ್ಕೆ ಸಿಕ್ಕು ನೊಂದ ಜನ ವೈವಸ್ವತ ಮನುವನ್ನು ದೊರೆಯಾಗಿ ಮಾಡಿಕೊಂಡು, ಧಾನ್ಯದಲ್ಲಿ ಆರನೇ ಒಂದು ಪಾಲನ್ನೂ ಸರಕಿನಲ್ಲಿ ಹತ್ತನೇ ಒಂದು ಪಾಲನ್ನೂ ಅವನಿಗೆಂದು ಗೊತ್ತುಮಾಡಿದರು. ತೆರಿಗೆ ತಿನ್ನುವವನು ಸಣ್ಣ ಮೀನನ್ನು ಕಾಯಬೇಕೆಂಬುದು ಅಲ್ಲಿನ ಕರಾರು. ಶತಮಾನಗಳಿಂದ ಕಣ್ಮರೆಯಾಗಿದ್ದ ಈ ಗ್ರಂಥದ ತಾಳೆಗರಿ 1905ರಲ್ಲಿ ಸಿಕ್ಕಿದ್ದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ. ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಮತ್ಸ್ಯನ್ಯಾಯ ಇವತ್ತು ರಾಜಕೀಯ ಚಿಂತನೆಯ ಪಠ್ಯಗಳಲ್ಲಿ ಇಷ್ಟು ಓಡಾಡುತ್ತಿದ್ದರೆ ಅದರ ಹಿಂದೆ ಮೈಸೂರಿನ ಆ ಪಂಡಿತರ ಕಣ್ಣಿದೆ.

ಹೆಸಿಯಡ್ ಮೀನಿನಿಂದ ಪದವನ್ನೇ ಕಿತ್ತುಕೊಂಡ. ನಮ್ಮವರು ಪದವನ್ನು ಮೀನಿಗೂ ಬಿಟ್ಟು, ಮನುಷ್ಯರು ಆ ನ್ಯಾಯದಿಂದ ಈ ನ್ಯಾಯಕ್ಕೆ ಬರಬೇಕು ಎಂದರು. ನನಗೆ ಎರಡನೆಯದು ಹೆಚ್ಚು ಎಚ್ಚರದ ಮಾತಾಗಿ ಕಾಣುತ್ತದೆ. ನುಂಗುವವನೂ ತನ್ನ ನುಂಗಾಟವನ್ನು ನ್ಯಾಯವೆಂದೇ ಕರೆಯುತ್ತಾನೆ ಎಂಬ ಸತ್ಯವನ್ನು ನಮ್ಮ ಪದ ಮುಚ್ಚಿಡುವುದಿಲ್ಲ.

ಪ್ಲೇಟೊನ 'ರಿಪಬ್ಲಿಕ್' ಎದುರಿಸಿದ್ದು ಇದೇ ಸತ್ಯವನ್ನು. ಕ್ರಿ.ಪೂ. 375ರ ಆಸುಪಾಸಿನ ಆ ಸಂವಾದದ ಮೊದಲ ಭಾಗದಲ್ಲಿ ಥ್ರಾಸಿಮಾಕಸ್ ಎಂಬವನು ಸಿಟ್ಟಿನಿಂದ ನುಗ್ಗಿ, ನ್ಯಾಯವೆಂದರೆ ಬಲವಂತನಿಗೆ ಯಾವುದು ಲಾಭವೋ ಅದು ಎಂದು ಸಾರುತ್ತಾನೆ. ಆಳುವವರು ತಮಗೆ ಬೇಕಾದಂತೆ ಕಾನೂನು ಮಾಡಿ, ಅದನ್ನು ಪಾಲಿಸುವುದೇ ನ್ಯಾಯ ಎನ್ನುತ್ತಾರೆ ಎಂಬುದು ಅವನ ವಾದ. 'ದುಡ್ಡಿದ್ದವನೇ ದೊಡ್ಡಪ್ಪ' ಎಂಬ ನಮ್ಮ ಗಾದೆ ಅವನ ಪರವಾಗಿಯೇ ಸಾಕ್ಷಿ ಹೇಳೀತು. ಸಾಕ್ರಟೀಸನ ಉತ್ತರ ಕಸುಬುಗಳಿಂದ ಹೊರಡುತ್ತದೆ: ವೈದ್ಯ ವೈದ್ಯನಾಗಿ ನೋಡುವುದು ರೋಗಿಯ ಹಿತವನ್ನು, ಆಳುವುದೂ ಒಂದು ಕಸುಬಾದರೆ ಅದು ನೋಡಬೇಕಾದ್ದು ಆಳಿಸಿಕೊಳ್ಳುವವರ ಹಿತವನ್ನು. ನ್ಯಾಯವನ್ನು ಬಲದ ಕೈಯಿಂದ ಬಿಡಿಸಿ ಕರ್ತವ್ಯದ ಕೈಗೆ ಕೊಟ್ಟ ಈ ತಿರುವು ರಾಜ್ಯಶಾಸ್ತ್ರಕ್ಕೆ ಗ್ರೀಕರು ಕೊಟ್ಟ ದೊಡ್ಡ ಕಾಣಿಕೆ.

ಆದರೆ ಪ್ಲೇಟೊ ಮುಂದೆ ಕಟ್ಟಿದ ಆದರ್ಶ ನಗರದಲ್ಲಿ ಆಳುವವರು, ಕಾಯುವವರು, ಬೆಳೆದು ಮಾಡಿ ಕೊಡುವವರು ಎಂದು ಮೂರು ವರ್ಗ. ಪ್ರತಿಯೊಬ್ಬರೂ ತಂತಮ್ಮ ಕೆಲಸವನ್ನು ಮಾತ್ರ ಮಾಡಿಕೊಂಡಿರುವುದೇ ನ್ಯಾಯ. ಇದರ ಅಪಾಯ ಭಾರತೀಯನೊಬ್ಬನಿಗೆ ಕಾಣದೆ ಹೋದೀತೇ? 1936ರ 'ಜಾತಿವಿನಾಶ'ದಲ್ಲಿ ಅಂಬೇಡ್ಕರ್ ಚಾತುರ್ವರ್ಣ್ಯಕ್ಕೂ ಪ್ಲೇಟೊನ ಆದರ್ಶಕ್ಕೂ ಇರುವ ನಂಟನ್ನು ನೇರವಾಗಿ ಎತ್ತಿ ತೋರಿಸಿದರು. ಮನುಷ್ಯರನ್ನು ಬೆರಳೆಣಿಕೆಯ ಗುಂಪುಗಳಿಗೆ ತುಂಬುವವನಿಗೆ ಒಬ್ಬೊಬ್ಬರ ಅನನ್ಯತೆ ಕಾಣುವುದಿಲ್ಲ ಎಂಬುದು ಅವರ ಟೀಕೆ. 'ನಿನ್ನ ದಾರಿ ನಿನಗೆ' ಎನ್ನುವುದು ಜಾರದಿರುವ ನ್ಯಾಯವೂ ಆಗಬಹುದು, ಕದಲಲಾಗದ ಸೆರೆಯೂ ಆಗಬಹುದು. ದಾರಿ ಎಂಬ ಅರ್ಥದೊಳಗೇ ಇದ್ದ ಬಿರುಕು ಇದು.

ಅರಿಸ್ಟಾಟಲನೂ (ಕ್ರಿ.ಪೂ. 384–322) ಪದವನ್ನು ಒಡೆದು ನೋಡಿದ. 'ನಿಕೊಮಾಕಿಯನ್ ಎಥಿಕ್ಸ್'ನ ಐದನೇ ಭಾಗದಲ್ಲಿ ಅವನು ದಿಕಾಯೊನ್ ಎಂಬುದಕ್ಕೆ 'ಎರಡು ಪಾಲಾಗಿ' ಎಂಬರ್ಥದ 'ದಿಖ' ಪದವನ್ನು ತಳುಕು ಹಾಕಿ, ನ್ಯಾಯಾಧೀಶನೆಂದರೆ ಸರಿಯಾಗಿ ಪಾಲು ಮಾಡುವವನು ಎಂದ. ಈ ಮೂಲವೂ ಭಾಷಾವಿಜ್ಞಾನಕ್ಕೆ ಒಪ್ಪದು, ಆದರೆ ವಿಚಾರ ಗಟ್ಟಿ. ಕೆಡುಕನ್ನು ಸರಿಪಡಿಸುವ ನ್ಯಾಯದಲ್ಲಿ ಇಬ್ಬರೂ ಸಮ. ಹಂಚುವ ನ್ಯಾಯದಲ್ಲಿ ಪಾಲು ಅರ್ಹತೆಯ ಪ್ರಮಾಣಕ್ಕೆ ತಕ್ಕಂತೆ.

ಹಂಚುವ ನ್ಯಾಯ ನಮ್ಮ ನೆಲದ ಹೆಸರಿನಲ್ಲೇ ಇದೆ. ಚಿಕ್ಕಲಸಂದ್ರ, ಹಳೆಯ ಕಾಗದಪತ್ರಗಳಲ್ಲಿ ಚಿಕ್ಕಕಲ್ಲಸಂದ್ರ; ಕನಕಪುರ ರಸ್ತೆಯಲ್ಲಿ ಅದರ ಅಕ್ಕ ದೊಡ್ಡಕಲ್ಲಸಂದ್ರ. ಬೊಮ್ಮಸಂದ್ರ, ಸಿಂಗಸಂದ್ರಗಳೂ ಈ ಬಳಗದವೇ. ಸಂದ್ರವೆಂದರೆ ಸಮುದ್ರ, ಅಂದರೆ ಕೆರೆ. ದೊಡ್ಡ ನದಿಯಿಲ್ಲದ ಈ ಎತ್ತರದ ನಾಡಿನಲ್ಲಿ ಊರು ಬದುಕಿದ್ದೇ ಕೆರೆಯಿಂದ. ಕೆರೆ ಕಟ್ಟಿಸಿದವರಿಗೆ ಕಟ್ಟುಕೊಡಗೆ ಎಂದು ಭೂಮಿ ಬಿಟ್ಟ ಶಾಸನಗಳು ಕನ್ನಡದಲ್ಲಿ ಸಾಲುಸಾಲಾಗಿವೆ. ತೂಬು ಎತ್ತಿ, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುತ್ತಿದ್ದವನು ನೀರುಗಂಟಿ. ಅವನ ಕೂಲಿ ಸುಗ್ಗಿಯಲ್ಲಿ ರೈತರು ಅಳೆದುಕೊಡುವ ಆಯ. ತೂಬಿನ ಬಾಯಲ್ಲೇ ಗದ್ದೆಯಿರುವವನು ಬಲವಂತ, ಕಾಲುವೆಯ ತುದಿಯವನು ದುರ್ಬಲ. ಮೊದಲಿನವನೇ ಎಲ್ಲ ನುಂಗಿದರೆ ಅದು ಮತ್ಸ್ಯನ್ಯಾಯ. ಕೊನೆಯ ಗದ್ದೆಗೂ ನೀರು ತಲುಪಿದರೆ ಮನುಷ್ಯರ ನ್ಯಾಯ. ಕೆರೆಯ ಅಂಗಳದ ಮೇಲೆ ಮನೆಗಳೆದ್ದು ನಲ್ಲಿ, ಬೋರ್‌ವೆಲ್, ಟ್ಯಾಂಕರ್ ಬಂದ ಮೇಲೂ ಪ್ರಶ್ನೆ ಬದಲಾಗಿಲ್ಲ: ಕಾಲುವೆಯ ತುದಿಯವನಿಗೆ ಎಷ್ಟು?

ಬರೆದಿಟ್ಟ ನಿಯಮ ಎಲ್ಲ ಸಂದರ್ಭಕ್ಕೂ ಹೊಂದುವುದಿಲ್ಲ ಎಂಬುದನ್ನೂ ಅರಿಸ್ಟಾಟಲ್ ಕಂಡಿದ್ದ. ಲೆಸ್ಬಾಸ್ ದ್ವೀಪದ ಗಾರೆಯವರು ಬಳಸುತ್ತಿದ್ದ ಸೀಸದ ಅಳತೆಪಟ್ಟಿ ಕಲ್ಲಿನ ಆಕಾರಕ್ಕೆ ಬಾಗುತ್ತಿತ್ತು. ಕಾನೂನೂ ಹಾಗೆ ಬಾಗಬೇಕಾದ ಗಳಿಗೆ ಇರುತ್ತದೆ ಎಂದ. ಇದಕ್ಕೆ ಜೋಡಿಯಾದ ಮಾತು ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ: ಎರಡು ಸ್ಮೃತಿವಾಕ್ಯಗಳು ಒಂದಕ್ಕೊಂದು ಎದುರಾದಾಗ ಲೋಕವ್ಯವಹಾರಕ್ಕೆ ಒಪ್ಪುವ ನ್ಯಾಯವೇ ಬಲವುಳ್ಳದ್ದು. ಆ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಇಂದಿನ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ. ಬ್ರಿಟಿಷರ ಕೋರ್ಟುಗಳು ಹಿಂದೂ ಕುಟುಂಬದ ಆಸ್ತಿಪಾಲನ್ನು ತೀರ್ಮಾನಿಸುವಾಗ ಕನ್ನಡ ನೆಲದ ಈ ಗ್ರಂಥದ ಪುಟ ತಿರುವುತ್ತಿದ್ದವು.

ಗ್ರೀಕರ ಮಾತೂ ನಮ್ಮ ಮಾತೂ ಮುಖಾಮುಖಿಯಾದ ಪ್ರಾಚೀನ ಗಳಿಗೆಯೊಂದಿದೆ. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕ ತನ್ನ ಶಾಸನಗಳನ್ನು ಕಂದಹಾರದ ಗ್ರೀಕರಿಗಾಗಿ ಅವರ ಭಾಷೆಯಲ್ಲೇ ಬರೆಸಿದ. ಅನುವಾದಕ 'ಧಮ್ಮ'ಕ್ಕೆ ದಿಕೆ ಎನ್ನಲಿಲ್ಲ. ಭಕ್ತಿ, ಪೂಜ್ಯಭಾವ ಎಂಬರ್ಥದ 'ಯೂಸೆಬೇಯಾ' ಎಂದ. ಪರಮತಗಳನ್ನು ಗೌರವಿಸಿ, ನಾಲಿಗೆ ಬಿಗಿಹಿಡಿಯಿರಿ ಎನ್ನುವ 12ನೇ ಶಿಲಾಶಾಸನ ಕಂದಹಾರದಲ್ಲಿ ಗ್ರೀಕಿನಲ್ಲಿ ಸಿಕ್ಕಿದರೆ, ಅದೇ ಶಾಸನದ ಪ್ರಾಕೃತ ಪಾಠ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕಿದೆ. ಸನ್ನತಿಯ ಅದೇ ಚಪ್ಪಡಿಯಲ್ಲಿರುವ ಇನ್ನೊಂದು ಶಾಸನ ನ್ಯಾಯ ನೋಡುವ ಅಧಿಕಾರಿಗಳಿಗೆ ಬರೆದದ್ದು: ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಅವಸರ, ಸೋಮಾರಿತನ ಇದ್ದವನಿಂದ ನ್ಯಾಯ ನಡೆಯದು, ಯಾರನ್ನೂ ಸುಮ್ಮನೆ ಸೆರೆಯಲ್ಲಿಡಬೇಡಿ ಎಂಬುದು ಅದರ ಸಾರ. ನ್ಯಾಯವನ್ನು ತತ್ತ್ವವಾಗಿ ಕೊರೆಯದೆ ನ್ಯಾಯ ಹೇಳುವವನ ಗುಣವಾಗಿ ಕೊರೆಸಿದ ಬಂಡೆ ಅದು.

ಹೊಸ ಕಾಲದಲ್ಲಿ ನ್ಯಾಯ ಮತ್ತೊಂದು ತಿರುವು ಪಡೆಯಿತು. ಸಾಕ್ರಟೀಸನ ವಿಚಾರಣೆ ಎ. ಎನ್. ಮೂರ್ತಿರಾವ್ ಅವರ 'ಸಾಕ್ರಟೀಸನ ಕೊನೆಯ ದಿನಗಳು' ಮೂಲಕ ಕನ್ನಡದ ಓದುಗರಿಗೆ ದಕ್ಕಿತು. ಅರಸನ ಕಟ್ಟಳೆಗೆ ಎದುರು ನಿಂತ ಅಂತಿಗೊನೆ ಲಂಕೇಶರ ಅನುವಾದದಲ್ಲಿ ಕನ್ನಡ ಮಾತಾಡಿದಳು. ಆದರೆ ಪದವನ್ನು ಹೆಚ್ಚು ಅಲುಗಿಸಿದ್ದು ಕಚೇರಿಯ ಕಡತಗಳು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳ ಪಾಲೆಷ್ಟು ಎಂದು ನೋಡಲು ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸರ್ಕಾರ 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗ ಆ ಕೆಲಸವನ್ನು ಮುಂದುವರಿಸಿತು. ನಡುವೆ ಸಂವಿಧಾನದ ಪ್ರಸ್ತಾವನೆ ಸಾಮಾಜಿಕ, ಆರ್ಥಿಕ, ರಾಜಕೀಯ ಎಂದು ನ್ಯಾಯಕ್ಕೆ ಮೂರು ವಿಶೇಷಣ ಕೊಟ್ಟಿತು. ತುದಿಗದ್ದೆಯ ಪ್ರಶ್ನೆ ಈಗ ಓದು, ಉದ್ಯೋಗ, ಅಧಿಕಾರಗಳ ಪ್ರಶ್ನೆಯಾಯಿತು. 'ಅವರವರ ದಾರಿ ಅವರವರಿಗೆ' ಎಂಬ ಹಳೆಯ ಅರ್ಥವನ್ನು ತಿದ್ದಿ, ದಾರಿಯೇ ಸಿಗದವರಿಗೆ ದಾರಿ ಎಂಬ ಅರ್ಥವನ್ನು 'ಸಾಮಾಜಿಕ ನ್ಯಾಯ' ತಂದಿತು.

ದಿಕೆಯ ಸೋದರಿ ದಿಕ್ಕು ಕನ್ನಡದಲ್ಲಿ ಮೊದಲೇ ಕಲಿತಿದ್ದ ಪಾಠವೂ ಇದೇ. ಪೂರ್ವ ಪಶ್ಚಿಮಗಳನ್ನು ಹೇಳುವ ಪದ ಕನ್ನಡಿಗರ ಬಾಯಲ್ಲಿ ಆಸರೆಯೂ ಆಯಿತು. 'ಇನ್ನು ನಮಗ್ಯಾರು ದಿಕ್ಕು?' ಎಂದು ಅಳುವ ಹೆಂಗಸು ಕೇಳುವುದು ಮೂಡಣವನ್ನೂ ಅಲ್ಲ, ಪಡುವಣವನ್ನೂ ಅಲ್ಲ. ದಿಕ್ಕುದೆಸೆಯಿಲ್ಲದವರು ಎಂದರೆ ತಮ್ಮ ಪರವಾಗಿ ಬೆರಳಿಟ್ಟು ತೋರಿಸಿ ಮಾತಾಡುವವರು ಇಲ್ಲದವರು. 'ಹೇಳೋರು ಕೇಳೋರು ಯಾರೂ ಇಲ್ವಾ?' ಎಂಬ ಸಿಟ್ಟಿನ ಮಾತಿನಲ್ಲೂ ಅದೇ ಇದೆ. ಹೇಳುವವರು, ಕೇಳುವವರು ಇದ್ದಲ್ಲಿ ಮನುಷ್ಯರ ನ್ಯಾಯ, ಇಲ್ಲದಲ್ಲಿ ಮೀನಿನದು.

ಆದ್ದರಿಂದ ನ್ಯಾಯದ ಜೊತೆ ನಾವು ಬಳಸುವ ಕ್ರಿಯಾಪದಗಳ ಬಗ್ಗೆ ನನಗೆ ಕಾಳಜಿಯಿದೆ. ಹಿಂದೆ ನ್ಯಾಯ ಹೇಳುತ್ತಿದ್ದರು, ಕೇಳುತ್ತಿದ್ದರು, ನಡೆಸುತ್ತಿದ್ದರು. ಈಗಿನ ಸುದ್ದಿಗಳಲ್ಲಿ ನ್ಯಾಯ 'ಸಿಗುತ್ತದೆ', ಇಲ್ಲವೇ 'ಒದಗಿಸಲಾಗುತ್ತದೆ'. ಕೌಂಟರಿನಲ್ಲಿ ಚೀಟಿ ಹಿಡಿದು ಕಾಯುವ ವಸ್ತುವಾಗಿದೆ. ಗ್ರೀಕಿನಲ್ಲಿ 'ದಿಕೆ ಕೊಡು' ಎಂದರೆ ಕೇಳಿದವನಿಗೆ ಕೋರ್ಟು ಕೊಡುವುದಲ್ಲ. ತಪ್ಪು ಮಾಡಿದವನು ತಾನೇ ತೆರುವುದು. ಪ್ಲೇಟೊನ 'ಗೋರ್ಗಿಯಸ್'ನಲ್ಲಿ ಸಾಕ್ರಟೀಸ್ ಇನ್ನೂ ಮುಂದೆ ಹೋಗಿ, ರೋಗಿ ವೈದ್ಯನಲ್ಲಿಗೆ ಹೋಗುವಂತೆ ತಪ್ಪಿತಸ್ಥ ತಾನಾಗಿ ನ್ಯಾಯಾಧೀಶನಲ್ಲಿಗೆ ಹೋಗಬೇಕು ಎಂದ. ನ್ಯಾಯ ಕೊಡಬೇಕಾದವನು ಹೆಚ್ಚು ನುಂಗಿದವನು, ಅವನ ಮುಂದೆ ಅದನ್ನು ಹೇಳಬೇಕಾದವರು ನಾವು. ನೀರಿನ ಸಭೆಯಲ್ಲಾಗಲಿ ನಾಡಿನ ಶಾಸನಸಭೆಯಲ್ಲಾಗಲಿ, 'ತುದಿಯವನಿಗೆ ಎಷ್ಟು ಬಂತು?' ಎಂದು ಎದ್ದು ಕೇಳುವವರು ಇರುವಷ್ಟು ಕಾಲ ಈ ಪದ ಮೀನಿನ ಪಾಲಾಗದು.